ಹದಿನೆಂಟು ಡಿಗ್ರಿಯ ಪೆಟ್ಟಿಗೆ

ಕೃಷ್ಣೆಯ ದಂಡೆಯಲ್ಲಿ ಬೇಸಿಗೆ ನಲವತ್ತೊಂಬತ್ತು ಡಿಗ್ರಿ ಮುಟ್ಟಿತೆಂದರೆ ಜನ ಹುಬ್ಬೇರಿಸುವ ಕಾಲ ಹೋಗಿಬಿಟ್ಟಿತ್ತು. ಹೊತ್ತು ಏರಿದ ಮೇಲೆ ರಾಯಚೂರು ಸೀಮೆಯ ರಸ್ತೆಗಳಲ್ಲಿ ಒಂದು ನಾಯಿಯೂ ಕಾಣುತ್ತಿರಲಿಲ್ಲ. ಅಂಥ ಕೆಂಡದಂಥ ಊರಿನಲ್ಲಿ, ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕಾಲೊನಿಯ ಕೊನೆಯ ಸಾಲಿನ ಮನೆಯೊಂದರ ಹಿಂದಿನ ವರಾಂಡದಲ್ಲಿ, ಒಂದು ತಗಡಿನ ಪೆಟ್ಟಿಗೆ ಮಾತ್ರ ಹದಿನೆಂಟು ಡಿಗ್ರಿಯಲ್ಲಿ ಹಾಯಾಗಿ ಕುಳಿತಿರುತ್ತಿತ್ತು. ಒಳಗೆ ಅಮರೇಶನ ಜೋಳದ ಬಿಯರು ಹುದುಗುತ್ತಿತ್ತು. ಹೊರಗೆ ಅಮರೇಶ ಬೆವರಿಗೆ ತೊಯ್ದ ಬನಿಯನ್ ಹಿಂಡಿಕೊಳ್ಳುತ್ತಿದ್ದ. ಮನುಷ್ಯರಿಗೆ ಸಿಗದ ತಂಪು ಈ ಹಾಳು ಯೀಸ್ಟಿಗೆ ಸಿಕ್ಕಿದೆಯಲ್ಲ ಎಂದು ಅವನ ಹೆಂಡತಿ ಮಹಾನಂದಾ ಗೊಣಗುತ್ತಿದ್ದಳು. ಆ ಪೆಟ್ಟಿಗೆಯನ್ನು ಕಟ್ಟಿದವಳೂ ಅವಳೇ.

ಗಂಡ ಹೆಂಡತಿ ಇಬ್ಬರೂ ಅದೇ ವಿದ್ಯುತ್ ಕೇಂದ್ರದಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಮಹಾನಂದಾ ಕಂಟ್ರೋಲ್ ರೂಮಿನ ಶಿಫ್ಟ್ ಎಂಜಿನಿಯರ್. ಅಮರೇಶ ನೀರಿನ ಪ್ರಯೋಗಾಲಯದ ಕೆಮಿಸ್ಟ್. ಬಾಯ್ಲರಿಗೆ ಹೋಗುವ ನೀರಿನಲ್ಲಿ ಎಣ್ಣೆಯ ಒಂದು ಹನಿ ಸೇರಿದ್ದರೂ, ಮೀಟರು ಬಾಯಿಬಿಡುವ ಮೊದಲೇ ಅವನ ಮೂಗು ಹೇಳಿಬಿಡುತ್ತಿತ್ತು. ಆ ಮೂಗಿನ ಖ್ಯಾತಿ ಕೇಂದ್ರದಲ್ಲೆಲ್ಲ ಹಬ್ಬಿತ್ತು. ಆದರೆ ಬಯಲು ತುಂಬ ಸೌರ ಫಲಕಗಳು ಹಾಸಿಕೊಂಡ ಮೇಲೆ ಕಲ್ಲಿದ್ದಲು ಯಾರಿಗೆ ಬೇಕು? ಘಟಕಗಳು ಒಂದೊಂದೇ ನಿಂತವು. ಕತ್ತಲಾದ ಮೇಲೆ ಬ್ಯಾಟರಿಗಳು ಸಾಲದೆ ಹೋದರೆ ಇರಲಿ ಎಂದು ಏಳನೆಯದನ್ನೂ ಎಂಟನೆಯದನ್ನೂ ಉಸಿರಾಡಲು ಬಿಟ್ಟಿದ್ದರು. ಪ್ರಯೋಗಾಲಯಕ್ಕೆ ಬೀಗ ಬಿತ್ತು. ಅಮರೇಶ ಮನೆಗೆ ಬಂದ. ಮಹಾನಂದಾಳ ಕೆಲಸ ಉಳಿಯಿತು.

ಮಕ್ಕಳಿಲ್ಲದ ಮನೆ, ಅರ್ಧ ಖಾಲಿಯಾದ ಕಾಲೊನಿ, ಕೆಲಸವಿಲ್ಲದ ಗಂಡಸು. ಅಮರೇಶ ಬಿಯರು ಮಾಡಲು ಹಿಡಿದದ್ದು ಹೀಗೆ. ಮದ್ಯದಂಗಡಿಗಳನ್ನೆಲ್ಲ ಊರಾಚೆ ಅಟ್ಟಿ, ಬೇಕಾದವರು ಮನೆಮಟ್ಟಿಗೆ ಮಾಡಿಕೊಳ್ಳಿ ಎಂದು ಸರಕಾರವೇ ಪರವಾನಗಿ ಕೊಟ್ಟಿದ್ದ ವರ್ಷಗಳವು. ಅವನು ಬಿಳಿಜೋಳವನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ಹಂಚಿನ ಮೇಲೆ ಹುರಿದು, ಕುದಿಸಿ, ಸೋಸಿ, ಯೀಸ್ಟು ಬೆರೆಸಿದ. ಅಲ್ಲಿಯವರೆಗೆ ಎಲ್ಲ ಸರಾಗ. ಆಮೇಲೆ ಅದನ್ನು ವಾರಗಟ್ಟಲೆ ತಂಪಾಗಿ ಇಡಬೇಕು. ಅವನು ಹಂಡೆಗೆ ಒದ್ದೆ ಗೋಣಿತಾಟು ಸುತ್ತಿ, ಐಸ್ ಬಾಟಲಿಗಳನ್ನು ಬದಲಿಸುತ್ತ, ಬಾಣಂತಿಯನ್ನು ನೋಡಿಕೊಳ್ಳುವವನ ಹಾಗೆ ಅದರ ಸುತ್ತ ತಿರುಗಿದ. ಮೊದಲ ಸಲ ಕೆಟ್ಟಿತು. ಎರಡನೇ ಸಲ ಬಾಟಲಿ ಒಡೆದು ವರಾಂಡವೆಲ್ಲ ನೊರೆಯಾಯಿತು. ಮೂರನೇ ಸಲಕ್ಕೆ ಮಹಾನಂದಾಳ ತಾಳ್ಮೆ ತೀರಿತು.

"ಸರೀರಿ ಆ ಕಡಿ," ಎಂದಳು. "ಐದುನೂರು ಡಿಗ್ರಿ ಉಗಿನ ಕಿವಿ ಹಿಡದು ಕೂಡಸಾಕಿ ನಾನು. ನಿಮ್ಮ ಹದಿನೆಂಟು ಡಿಗ್ರಿ ಯಾವ ಲೆಕ್ಕ?"

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮಹಾನಂದಾ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನದ ಹೆಣ್ಣು. ಹೆಂಡ ಎಂಬ ಪದವನ್ನೂ ಮೆಲ್ಲಗೆ ಆಡುವ ಮನೆ ಅದು. ಮದುವೆಯಾದ ಹೊಸತರಲ್ಲೇ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು: ಅವನು ಕದ್ದು ಕುಡಿಯಬಾರದು, ಅವಳು ಬೈಯಬಾರದು, ಮತ್ತು ಅದು ಅವಳ ಹತ್ತಿರ ಸುಳಿಯಬಾರದು. ಮೂವತ್ತು ವರ್ಷ ಇಬ್ಬರೂ ಅದನ್ನು ಮೀರಿರಲಿಲ್ಲ. ಅವನ ಗ್ಲಾಸನ್ನು ಅವಳು ತೊಳೆಯುವಾಗ ಮುಖ ಆ ಕಡೆ ತಿರುಗಿರುತ್ತಿತ್ತು. ಅವಳ ಪಾಲಿಗೆ ಬಿಯರು ಎಂದರೇ ನಾತ. ಅದರಲ್ಲಿ ಒಳ್ಳೆಯ ನಾತ, ಕೆಟ್ಟ ನಾತ ಎಂದು ಬೇರೆ ಇರುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹೀಗೆ, ಒಂದು ತೊಟ್ಟೂ ನಾಲಿಗೆಗೆ ಸೋಕಿಸದವಳು ಬಿಯರಿನ ಯಂತ್ರ ಕಟ್ಟಲು ಕುಳಿತಳು.

ಹದಿನೆಂಟು ಡಿಗ್ರಿ ನಿಜಕ್ಕೂ ಯಾವ ಲೆಕ್ಕವೂ ಆಗಿರಲಿಲ್ಲ. ಹಳೆಯ ಫ್ರಿಜ್ಜಿನ ಕಂಪ್ರೆಸರು, ಒಂದು ಹೀಟರು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಸಾರ ಬಿಡುವ ಪುಟ್ಟ ಪಂಪು, ಎಲ್ಲವನ್ನೂ ಆಳುವ ಅಂಗೈಯಗಲದ ಕಂಟ್ರೋಲರು. ಎರಡು ಭಾನುವಾರಗಳ ಕೆಲಸ. ಆದರೆ ಮಾಡುವುದಾದರೆ ನೆಟ್ಟಗೆ ಮಾಡಬೇಕು ಎನ್ನುವುದು ಅವಳ ಹುಟ್ಟುಗುಣ. ನಿಂತುಹೋದ ಘಟಕಗಳ ಕೇಬಲ್ ಸುರಂಗಗಳಲ್ಲಿ 'ಮೂಗು' ಎಂದು ಎಲ್ಲರೂ ಕರೆಯುತ್ತಿದ್ದ ತುಣುಕುಗಳಿದ್ದವು. ಉಗುರಿನಗಲದ ಸಿಲಿಕಾನಿನ ಮೇಲೆ, ಪ್ರಾಣಿಗಳ ಮೂಗಿನಲ್ಲಿರುವಂಥದೇ ಪ್ರೋಟೀನು ಬೆಳೆಸಿ ಮಾಡಿದವು. ವಾಸನೆ ತಾಗಿದರೆ ಅದರ ಸಾವಿರಾರು ಬಿಂದುಗಳಲ್ಲಿ ಕೆಲವು ಎಚ್ಚರಾಗುತ್ತವೆ, ಉಳಿದವು ಮಲಗಿಯೇ ಇರುತ್ತವೆ. ಯಾವ ಯಾವ ಬಿಂದು ಎದ್ದಿತು ಎನ್ನುವುದೇ ಆ ವಾಸನೆಯ ಚಹರೆ. ಕೇಬಲ್ ಸುಡುವ ವಾಸನೆಯನ್ನು ಬೆಂಕಿಗೆ ಮೊದಲೇ ಹಿಡಿಯಲೆಂದು ಇಟ್ಟಿದ್ದ ಆ ಮೂಗುಗಳು ಗುಜರಿಗೆ ಹೋಗುವುದಿತ್ತು. ಮಹಾನಂದಾ ಮೇಲಿನವರನ್ನು ಕೇಳಿ ಒಂದನ್ನು ಮನೆಗೆ ತಂದಳು.

ಬಿಯರಿನ ರುಚಿಯಲ್ಲಿ ಮುಕ್ಕಾಲು ಪಾಲು ಮೂಗಿನದೇ ಎಂದು ಅಮರೇಶನೇ ಹೇಳಿದ್ದ. ಯೀಸ್ಟಿಗೆ ತಂಪು ಕೊಟ್ಟರೆ ಅದು ಶಾಂತವಾಗಿ ದುಡಿದು ಹಗುರವಾದ ಪರಿಮಳ ಕೊಡುತ್ತದೆ. ಸ್ವಲ್ಪ ಬಿಸಿ ಸಿಕ್ಕರೆ ಹಣ್ಣಿನ ವಾಸನೆ. ಇನ್ನೂ ಬಿಸಿಯಾದರೆ ಹುಚ್ಚೆದ್ದು ಕುಣಿದು ಏನೇನನ್ನೋ ಕಾರುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲೆ ಮೂರು ಗುಂಡಿಗಳು ಬಂದವು: 'ಕಮ್ಮಿ', 'ಸರಿ', 'ಇನ್ನೂ'. ಪರಿಮಳ ಇಳಿಸಬೇಕೋ, ಹೀಗೇ ಇರಬೇಕೋ, ಏರಿಸಬೇಕೋ ಎಂದು ಅಮರೇಶ ಕುಡಿದು ಒಂದನ್ನು ಒತ್ತಬೇಕು. ಪೆಟ್ಟಿಗೆ ಆ ಬಿಯರಿನ ಚಹರೆಯನ್ನು ಅವನ ಮಾತಿನೊಂದಿಗೆ ಜೋಡಿಸಿಟ್ಟುಕೊಂಡು, ಮುಂದಿನ ಸಲ ಬಿಸಿ, ಹೊತ್ತು, ಹಾಪ್ಸ್ ಎಲ್ಲವನ್ನೂ ತಾನೇ ಬದಲಿಸಿ ಅವನು ಬಯಸಿದ ಕಡೆಗೆ ಹೋಗಬೇಕು. ಪಾಕವಿಧಾನ ಯಾರೂ ಹೇಳಿಕೊಡುವುದಿಲ್ಲ. ಚೆನ್ನು, ಕೆಟ್ಟದು ಎಂಬುದು ಪೆಟ್ಟಿಗೆಗೆ ಗೊತ್ತಿಲ್ಲ. ಅಮರೇಶನ ಹೆಬ್ಬೆರಳು ತೋರಿಸಿದ್ದೇ ಅದಕ್ಕೆ ದಾರಿ.

ಆರನೆಯ ಸಲಕ್ಕೆ ಅದು ಕೂಡಿಬಂತು. ಆ ಸಂಜೆ ಅಮರೇಶನ ಗೆಳೆಯ ತಿಮ್ಮಾರೆಡ್ಡಿಯೂ ಇದ್ದ. ಟರ್ಬೈನು ರಿಪೇರಿಯ ಫೋರ್‌ಮನ್, ಮಾನ್ವಿ ಕಡೆಯವನು, ಎದುರು ಸಾಲಿನಲ್ಲೇ ಮನೆ. ಅಮರೇಶ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕುಡಿಯಲೇ ಇಲ್ಲ. ಆಮೇಲೆ ಒಂದು ಗುಟುಕು. ಆಮೇಲೆ ಹೆಂಡತಿಯ ಕಡೆ ನೋಡಿದ ನೋಟವನ್ನು ಅವಳು ಮರೆಯಲಿಲ್ಲ. ಮದುವೆಯ ಮಂಟಪದಲ್ಲೂ ಅವನು ಹಾಗೆ ನೋಡಿರಲಿಲ್ಲ.

"ಇದಽ ನೋಡು ನಂದಾ," ಎಂದ. "ನಾ ಹುಡಕ್ತಿದ್ದದ್ದು ಇದಽ."

ತಿಮ್ಮಾರೆಡ್ಡಿ ಎರಡು ಗ್ಲಾಸು ಮುಗಿಸಿ, ಅಕ್ಕಾರ ಕೈಗುಣ ದೊಡ್ಡದು ಎಂದ. ಮಹಾನಂದಾ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಕ್ಕಳು. ಅಮರೇಶ 'ಸರಿ' ಒತ್ತಿದ. ಒಂದು ವರ್ಷ ಆ ಮನೆಯಲ್ಲಿ ಅದೇ ಬಿಯರು, ಅದೇ ಸಂಜೆಗಳು. ಏಳನೆಯ ಘಟಕವೂ ನಿಂತಾಗ ತಿಮ್ಮಾರೆಡ್ಡಿ ಟ್ರಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಮಾನ್ವಿಗೆ ಹೊರಟುಹೋದ. ಆಮೇಲೆ ಆ ಬಿಯರನ್ನು ಕುಡಿಯುವ ನಾಲಿಗೆ ಒಂದೇ ಉಳಿಯಿತು.

ಎಂಟನೆಯ ಘಟಕದ ಕಂಟ್ರೋಲ್ ರೂಮಿನಲ್ಲಿ ಈಗ ಕುರ್ಚಿಗಳೇ ಹೆಚ್ಚು, ಜನ ಕಮ್ಮಿ. ಆದರೂ ಅಲ್ಲಿಯ ಶಿಸ್ತು ಸಡಿಲವಾಗಿರಲಿಲ್ಲ. ಬಾಯ್ಲರಿನ ಡ್ರಮ್ಮಿನಲ್ಲಿ ನೀರೆಷ್ಟಿದೆ ಎಂದು ತಿಳಿಯಲು ಅಲ್ಲಿ ಒಂದಲ್ಲ, ಮೂರು ಮೀಟರು. ಮೂರರಲ್ಲಿ ಎರಡು ಏನು ಹೇಳುತ್ತವೋ ಅದೇ ಸತ್ಯ. ಒಂಟಿಯಾದ ಮೂರನೆಯದರ ಮಾತನ್ನು ಯಂತ್ರ ತಾನಾಗಿ ತಳ್ಳಿಹಾಕುತ್ತದೆ. ಒಂದೇ ಮೀಟರನ್ನು ನಂಬಿ ಬೆಂಕಿಯ ಮುಂದೆ ಕೂರುವುದಕ್ಕಿಂತ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುವುದು ಲೇಸು ಎಂದು ಮಹಾನಂದಾ ಹೊಸಬರಿಗೆ ಹೇಳಿಕೊಡುತ್ತಿದ್ದಳು. ಏಕಾಏಕಿ ಕೆಟ್ಟ ಮೀಟರು ಅಪಾಯವಲ್ಲ, ಅದನ್ನು ಕುರುಡನೂ ಗುರುತಿಸುತ್ತಾನೆ. ದಿನಕ್ಕೆ ಕೂದಲೆಳೆಯಷ್ಟು ಸರಿಯುವ ಮೀಟರಿದೆಯಲ್ಲ, ಕೊಲ್ಲುವುದು ಅದು. ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕುಳಿತಿದ್ದಾಗ ಮನೆಯ ಪೆಟ್ಟಿಗೆ ಅವಳ ಫೋನಿಗೆ ಎಚ್ಚರಿಕೆ ಕಳಿಸಿತು. ಬಿಸಿ ಮೇಲಿನ ಮಿತಿಯನ್ನು ಮುಟ್ಟಿದೆ, ಇನ್ನೂ ಏರಿಸಬೇಕೆಂದಿದ್ದೇನೆ, ಅಪ್ಪಣೆಯೇ? ಅವಳು ಅಮರೇಶನಿಗೆ ಫೋನು ಮಾಡಿದಳು. ಈಚೆಗೆ ಬಿಯರು ಯಾಕೋ ಸಪ್ಪೆ, ಅದಕ್ಕೇ 'ಇನ್ನೂ' ಒತ್ತುತ್ತಿದ್ದೇನೆ ಎಂದ. ಕುಡಿಯುವವನು ಅವನು, ಅವನಿಗೆ ಬೇಕೆಂದ ಮೇಲೆ ತನ್ನದೇನು ತಕರಾರು ಎಂದುಕೊಂಡು ಅವಳು ಮಿತಿಯನ್ನು ಮೇಲಕ್ಕೆ ಸರಿಸಿದಳು. ಕೆಲವು ತಿಂಗಳಿಗೆ ಮತ್ತೆ ಎಚ್ಚರಿಕೆ ಬಂತು. ಮತ್ತೆ ಸರಿಸಿದಳು. ಶಿಫ್ಟ್ ಮುಗಿಸಿ ಬಂದು, ಬಿಯರು ಸಪ್ಪೆಯಾಗುವುದೇಕೆ ಎಂದು ಪೆಟ್ಟಿಗೆಯ ತಂತಿ, ಪಂಪು ಎಲ್ಲ ತಡಕಾಡಿದಳು, ಎಲ್ಲೂ ತಪ್ಪು ಸಿಗಲಿಲ್ಲ. ಮೂರನೆಯ ಸಲ ಆ ಎಚ್ಚರಿಕೆಯನ್ನೇ ಬಂದ್ ಮಾಡಿದಳು. ಕಂಪ್ರೆಸರು ಕಮ್ಮಿ ಓಡುತ್ತಿರುವುದು ಕಂಡು, ಪೆಟ್ಟಿಗೆ ಬೇಸಿಗೆಯಲ್ಲಿ ಕರೆಂಟು ಉಳಿಸಲು ಕಲಿತಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟಳು ಕೂಡ.

ಮನೆಯಲ್ಲಿ ಬೇರೆ ಸಣ್ಣಪುಟ್ಟ ಸಂಗತಿಗಳು ನಡೆಯುತ್ತಿದ್ದವು. ಅಮರೇಶನಿಗೆ ಅವಳ ಅಡುಗೆ ರುಚಿಸುತ್ತಿರಲಿಲ್ಲ. ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಹಾಕಿಯೇ ಇಲ್ಲ ಎನ್ನುತ್ತಿದ್ದ, ಬೆಳ್ಳುಳ್ಳಿ ತುಂಡು ತಟ್ಟೆಯಲ್ಲೇ ಕಾಣುತ್ತಿದ್ದರೂ. ಸಾರಿಗೆ ಮೇಲಿಂದ ಮೇಲೆ ಇಂಗು ಕೇಳುತ್ತಿದ್ದ. ಕೆಲಸವಿಲ್ಲದ ಗಂಡಸಿಗೆ ಹೆಂಡತಿಯ ಅಡುಗೆಯಲ್ಲಿ ಹುಳುಕು ಹುಡುಕುವುದೇ ಕೆಲಸ ಎಂದು ಅವಳು ಸಿಟ್ಟಾಗುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಿದ್ದ. ತಿಮ್ಮಾರೆಡ್ಡಿ ಯಾವಾಗ ಹೋದ ಎಂದು ಒಂದೇ ದಿನ ಎರಡು ಸಲ ಕೇಳಿದ. ಒಮ್ಮೆ ಅವಳು ಶಿಫ್ಟ್ ಮುಗಿಸಿ ಬಂದಾಗ ಬೀದಿಯಿಂದಲೇ ಸೀದ ವಾಸನೆ ಹೊಡೆಯುತ್ತಿತ್ತು. ಒಲೆಯ ಮೇಲೆ ಹಾಲು ಹೊತ್ತಿ, ಪಾತ್ರೆ ಕರಿಕಲಾಗಿ, ಅಡುಗೆಮನೆ ತುಂಬ ಹೊಗೆ. ಅಮರೇಶ ನಡುಮನೆಯಲ್ಲಿ ಪೇಪರು ಓದುತ್ತ ಕುಳಿತಿದ್ದ. ಕಣ್ಣು ಹತ್ತಿತ್ತು ಎಂದ. ಅವನ ಕನ್ನಡಕ ಮೂಗಿನ ಮೇಲೇ ಇತ್ತು, ಪುಟ ಅರ್ಧಕ್ಕೆ ತಿರುಗಿತ್ತು. ಮಹಾನಂದಾ ಬೈದು, ಪಾತ್ರೆ ಉಜ್ಜಿ, ಸುಮ್ಮನಾದಳು. ಎಣ್ಣೆಯ ಹನಿಯನ್ನು ಮೀಟರಿಗಿಂತ ಮೊದಲು ಹಿಡಿಯುತ್ತಿದ್ದ ಮನುಷ್ಯ ಇವನೇ ಎಂಬುದು ಆ ಸಿಟ್ಟಿನಲ್ಲಿ ಅವಳಿಗೆ ನೆನಪಾಗಲಿಲ್ಲ.

ನಿಂತ ಘಟಕಗಳ ಚಿಮಣಿಗಳನ್ನು ಕೆಡಹುವ ದಿನ ಗೊತ್ತಾಯಿತು. ಹಳೆಯ ಕೆಲಸಗಾರರೆಲ್ಲ, ಸತ್ತವರ ಮಣ್ಣಿಗೆ ಬಂದವರ ಹಾಗೆ, ಬಿಳಿ ಅಂಗಿ ತೊಟ್ಟು ಬಂದರು. ತಿಮ್ಮಾರೆಡ್ಡಿಯೂ ಮಾನ್ವಿಯಿಂದ ಬಂದ. ಬೆಳಗಿನ ಹೊತ್ತು ನದಿಯ ಕಡೆಯ ದಿಬ್ಬದ ಮೇಲೆ ಎಲ್ಲರೂ ನಿಂತು ನೋಡಿದರು. ಬುಡದಲ್ಲಿ ಒಂದು ಸಣ್ಣ ಹೊಗೆ. ಆಮೇಲೆ ಆಕಾಶಕ್ಕೆ ಏರಿದ್ದ ಚಿಮಣಿ ಮೊಣಕಾಲು ಮಡಚಿ ಕುಳಿತುಬಿಟ್ಟಿತು. ಧೂಳು ಬಹಳ ಹೊತ್ತು ಇಳಿಯಲಿಲ್ಲ.

ಮಧ್ಯಾಹ್ನ ಅಮರೇಶ ಗೆಳೆಯನನ್ನು ಮನೆಗೆ ಎಳೆದುಕೊಂಡು ಬಂದ. ಎರಡು ಗ್ಲಾಸುಗಳನ್ನು ಪೆಟ್ಟಿಗೆಯ ನಲ್ಲಿಯ ಕೆಳಗೆ ಹಿಡಿದು ತುಂಬಿಸಿದ. ಮಹಾನಂದಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ತಿಮ್ಮಾರೆಡ್ಡಿ ಗ್ಲಾಸನ್ನು ತುಟಿಗೆ ತಂದವನು ಅಲ್ಲೇ ತಡೆದ. ಸೌಜನ್ಯಕ್ಕೆ ಒಂದು ಗುಟುಕು ತೆಗೆದುಕೊಂಡ. ಮರುಕ್ಷಣ ವರಾಂಡದ ಅಂಚಿಗೆ ಓಡಿ ಉಗುಳಿದ. ಗಂಡ ಹೆಂಡತಿ ತನ್ನ ಜೊತೆ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಗುತ್ತ ತಿರುಗಿ ನೋಡಿದ. ಅಮರೇಶ ತನ್ನ ಗ್ಲಾಸನ್ನು ನೀರು ಕುಡಿದಂತೆ ಕುಡಿಯುತ್ತಿದ್ದ. ತಳದವರೆಗೆ ಕುಡಿದು, ಮೀಸೆ ಒರೆಸಿಕೊಂಡು, 'ಸರಿ' ಒತ್ತಿದ. ತಿಮ್ಮಾರೆಡ್ಡಿಯ ನಗು ಮುಖದಲ್ಲೇ ಆರಿಹೋಯಿತು.

ಹೊರಡುವಾಗ ಅವನು ಗೇಟಿನ ಹತ್ತಿರ ಮಹಾನಂದಾಳನ್ನು ಕರೆದ. ಹೇಳಲೋ ಬೇಡವೋ ಎಂದು ಚಪ್ಪಲಿಯಿಂದ ನೆಲ ಕೆರೆದ.

"ಅಕ್ಕಾರ, ಅದು ಬಿಯರ್ ಅಲ್ರಿ. ಬಣ್ಣ ತೊಳಿಯೋ ಥಿನ್ನರ್ ಒಳಗ ಕೊಳತ ಬಾಳಿಹಣ್ಣು ಕಿವುಚಿದಂಗ ಅದ. ಕಹಿ ಅಂದ್ರ ನಾಲಿಗಿ ಕಿತ್ತು ಬರ್ತದ. ದನಾನೂ ಮೂಸಂಗಿಲ್ಲ ಅದನ್ನ. ನಮ್ಮ ಅಮರೇಶ ಅದನ್ನ ಹೆಂಗ ಕುಡಿಯಾಕತ್ತಾನರಿ?"

ಮಹಾನಂದಾಳಿಗೆ ಮೊದಲು ಬಂದದ್ದು ಸಿಟ್ಟು, ಇವನು ತನ್ನ ಯಂತ್ರಕ್ಕೆ ಹೆಸರಿಡುತ್ತಿದ್ದಾನೆ ಎಂದು. ಅವನು ಹೋದ ಮೇಲೆ ವರಾಂಡಕ್ಕೆ ಬಂದು, ಹೆಚ್ಚುಕಮ್ಮಿ ತುಂಬಿಯೇ ಇದ್ದ ಅವನ ಗ್ಲಾಸನ್ನು ಎತ್ತಿಕೊಂಡಳು. ಈ ಸಲ ಮುಖ ತಿರುಗಿಸಲಿಲ್ಲ. ಮೂಸಿದಳು. ಟರ್ಬೈನು ಅಂಗಳದಲ್ಲಿ ಬಣ್ಣ ಬಳಿಯುವ ದಿನ ಬರುವಂಥ ಘಾಟು ನೆತ್ತಿಗೇರಿತು. ಇದು ಬಿಯರಿನ ನಾತವೆಂದು ಅವಳು ವರ್ಷದಿಂದ ಮೂಗು ಮುಚ್ಚಿಕೊಂಡು ಓಡಾಡಿದ್ದಳು. ಪೆಟ್ಟಿಗೆಯ ಪರದೆ ನೋಡಿದಳು. ಹದಿನೆಂಟರಲ್ಲಿ ಇರಬೇಕಾದ್ದು ಮೂವತ್ತೊಂದರಲ್ಲಿತ್ತು. ಹಿಂದಕ್ಕೆ ಸರಿಸುತ್ತ ಹೋದಳು. ಎಲ್ಲಿಯೂ ಹಾರಿಲ್ಲ, ಎಲ್ಲಿಯೂ ಮುಗ್ಗರಿಸಿಲ್ಲ. ಎರಡು ವರ್ಷ ಕೂದಲೆಳೆ ಕೂದಲೆಳೆಯಾಗಿ ಏರಿದ ಒಂದು ನುಣುಪಾದ ಗೆರೆ. ಅಂಥ ಗೆರೆಯನ್ನು ಅವಳು ತನ್ನ ಕೆಲಸದಲ್ಲಿ ನೂರು ಸಲ ನೋಡಿದ್ದಳು. ಯಂತ್ರ ಕೆಟ್ಟಿಲ್ಲ, ಮೀಟರು ಸಾಯುತ್ತಿದೆ ಎಂದು ಅದರ ಅರ್ಥ. ಈ ಮನೆಯ ಮೀಟರು ಒಂದೇ, ಅವಳ ಗಂಡ.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಮೂರರಲ್ಲಿ ಎರಡು, ಮೂರರಲ್ಲಿ ಎರಡು ಎಂದು ಜನ್ಮವಿಡೀ ಪಾಠ ಹೇಳಿದವಳು, ಮನೆಯಲ್ಲಿ ಎರಡನೆಯ ಮೀಟರಾಗಿ ತಾನೇ ಇದ್ದೂ ಮುಖ ತಿರುಗಿಸಿಕೊಂಡಿದ್ದಳು. ಒಂದು ಗುಟುಕು. ಒಂದೇ ಒಂದು ಗುಟುಕು ಕುಡಿದು ನೋಡಿದ್ದರೆ ಎರಡು ವರ್ಷದ ಹಿಂದೆಯೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಚಹಾ ಆದ ಮೇಲೆ ಅವನಿಗೆ ಕಣ್ಣು ಮುಚ್ಚಲು ಹೇಳಿದಳು. ಇಂಗಿನ ಡಬ್ಬಿ, ಕಾಫಿಪುಡಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಒಂದೊಂದಾಗಿ ಮೂಗಿನ ಹತ್ತಿರ ಹಿಡಿದಳು. ಅವನು ಕಾಫಿಗೆ ಇಂಗು ಎಂದ, ಸೀಮೆಎಣ್ಣೆಗೆ ಕಾಫಿ ಎಂದ. ಆಮೇಲೆ ಕಣ್ಣು ಬಿಟ್ಟು, ಅವಳ ಕೈಯಲ್ಲಿದ್ದ ಬಟ್ಟೆಯನ್ನು ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ನಕ್ಕ. ಎಷ್ಟಾದರೂ ಕೆಮಿಸ್ಟು, ಪರೀಕ್ಷೆ ಯಾವುದೆಂದು ಅವನಿಗೆ ತಿಳಿಯದೆ ಇರುತ್ತದೆಯೇ?

"ನನಗ ಗೊತ್ತಿತ್ತು ನಂದಾ," ಎಂದ. "ಮೊದಲು ಬಿಯರಿನ ವಾಸನಿ ಹೋತು. ನಿನ್ನ ಮಷೀನು ಹೆಂಗಾದ್ರೂ ಹಿಡದು ತರ್ತದ ಅಂತ 'ಇನ್ನೂ' ಒತ್ತಕೋತ ಹೋದೆ. ತರಲಿಲ್ಲ."

"ಮತ್ತ 'ಸರಿ' ಯಾಕ ಒತ್ತಿದ್ರಿ? ನಿನ್ನೆ ನನ್ನ ಮುಂದಽ ಒತ್ತಿದ್ರಲ್ಲ?"

ಅವನು ಅಂಗೈ ನೋಡಿಕೊಂಡ. "ಶಿಫ್ಟ್ ಮುಗಿಸಿ ಬಂದು ಅದರ ಮುಂದ ಕುಂಡರ್ತಿದ್ದಿ. ಎಲ್ಲಿ ತಪ್ಪೇದ, ಎಲ್ಲಿ ತಪ್ಪೇದ ಅಂತ ತಲಿ ಕೆಡಿಸ್ಕೋತಿದ್ದಿ. ನೋಡಾಕ ಆಗಲಿಲ್ಲ ನನಗ."

ಅವಳ ಮೇಲಿನ ಮರುಕಕ್ಕೆ ಅವನು ಸುಳ್ಳು ಹೇಳಿದ್ದ. ಆ ಸುಳ್ಳನ್ನು ಪೆಟ್ಟಿಗೆ ಕಣ್ಣಿಗೊತ್ತಿಕೊಂಡು, ಆ ಹಾಳು ನೀರನ್ನೇ ಸರಿಯೆಂದು ನಂಬಿ ಮತ್ತೆ ಮತ್ತೆ ಅದನ್ನೇ ಮಾಡಿತ್ತು. ಅವನು ಅವಳಿಗಾಗಿ ಅದನ್ನು ದಿನವೂ ಕುಡಿದಿದ್ದ. ಮಹಾನಂದಾಳಿಗೆ ಅಳು ಬಂತು, ಅವಳು ತಡೆಯಲಿಲ್ಲ.

ಊರಿನ ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರು ಸಬೀಹಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಮರೇಶನ ತಲೆಯ ಚಿತ್ರಗಳನ್ನು ಬೆಳಕಿಗೆ ಹಿಡಿದು, ಅವನನ್ನು ಹೊರಗೆ ಕೂರಿಸಿ, ನಿಧಾನವಾಗಿ ಹೇಳಿದಳು. ಈ ಮರೆವಿನ ರೋಗ ಮೆದುಳಿಗೆ ನುಗ್ಗುವುದು ಮೂಗಿನ ಹಾದಿಯಿಂದ. ಮೊದಲು ವಾಸನೆ ತಿನ್ನುತ್ತದೆ, ಆಮೇಲೆ ನೆನಪಿಗೆ ಬಾಯಿ ಹಾಕುತ್ತದೆ. ಈಗ ಒಂದು ಔಷಧಿ ಬಂದಿದೆ. ಮೂಗಿನಲ್ಲಿರುವಾಗಲೇ ಕೊಟ್ಟರೆ ರೋಗ ಅಲ್ಲೇ ನಿಲ್ಲುತ್ತದೆ. ಒಳಗಿಳಿದ ಮೇಲೆ ಕೊಟ್ಟರೆ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಕಷ್ಟವೆಂದರೆ ವಾಸನೆ ಇಷ್ಟಿಷ್ಟೇ ಹೋಗುವುದು ಬಹಳ ಸಲ ರೋಗಿಗೂ ತಿಳಿಯುವುದಿಲ್ಲ, ಮನೆಯವರಿಗೂ ತಿಳಿಯುವುದಿಲ್ಲ.

ಯಾವಾಗ ಶುರುವಾಯಿತು ಎಂದು ಏನಾದರೂ ಅಂದಾಜಿದೆಯೇ ಎಂದು ಡಾಕ್ಟರು ಕೇಳಿದಳು. ಮಹಾನಂದಾ ಅಂದಾಜು ಹೇಳಲಿಲ್ಲ. ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಮೊದಲ ಎಚ್ಚರಿಕೆ ಬಂದ ದಿನವನ್ನು ಹೇಳಿದಳು. ಪೆಟ್ಟಿಗೆಯ ಕಥೆಯನ್ನೂ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟಳು.

"ಅಷ್ಟು ಬೇಗ ನಮ್ಮ ಯಾವ ಮಷೀನೂ ಹಿಡಿಯಂಗಿಲ್ಲಮ್ಮಾ," ಎಂದಳು. ಮುಂದೆ ಏನೋ ಹೇಳಹೊರಟು ನಿಲ್ಲಿಸಿದಳು.

ಅವಳು ನುಂಗಿಕೊಂಡ ಮಾತು ಮಹಾನಂದಾಳಿಗೆ ಕೇಳಿಸಿತು. ಆಗಲೇ ಬಂದಿದ್ದರೆ. ಪೆಟ್ಟಿಗೆ ಕೂಗಿ ಹೇಳಿತ್ತು. ಮೂರು ಸಲ ಹೇಳಿತ್ತು. ಎರಡು ಸಲ ಅವಳು ಅದರ ಮಿತಿ ಏರಿಸಿದ್ದಳು, ಮೂರನೆಯ ಸಲ ಬಾಯಿ ಮುಚ್ಚಿಸಿದ್ದಳು.

ಆ ವರ್ಷದ ಕೊನೆಗೆ ಡಾಕ್ಟರು ಸಬೀಹಾ ಮನೆಗೇ ಬಂದು ಪೆಟ್ಟಿಗೆಯನ್ನು ನೋಡಿಕೊಂಡು ಹೋದಳು. ಬಿಯರಿನ ಬದಲು ಪರಿಮಳದ ನೀರಿಟ್ಟು, ಅದೇ ಮೂರು ಗುಂಡಿಗಳಿಟ್ಟು ಒಂದು ಚಿಕ್ಕ ಯಂತ್ರ ಮಾಡಿ ಹಳ್ಳಿ ಹಳ್ಳಿಗೆ ಒಯ್ಯಬಹುದು ಎಂದಳು. ಮಹಾನಂದಾ ನಕ್ಷೆಯನ್ನೆಲ್ಲ ಕೊಟ್ಟಳು, ಕೂತು ಕಟ್ಟಿಯೂ ಕೊಟ್ಟಳು. ಸಿಂಧನೂರಿನಲ್ಲಿ ಯಾರೋ ಮೇಷ್ಟ್ರಿಗೆ, ದೇವದುರ್ಗದಲ್ಲಿ ಒಬ್ಬ ಮುದುಕಿಗೆ ರೋಗ ಮೂಗಿನಲ್ಲೇ ಸಿಕ್ಕಿತಂತೆ, ನಿಂತಿತಂತೆ. ಅವಳಿಗೆ ಅದರಿಂದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅವರೆಲ್ಲ ಬದುಕಿಕೊಂಡದ್ದು ತನ್ನ ಗಂಡನ ಪಾಲಿನ ಔಷಧಿಯಿಂದ ಎಂಬಂಥ ಒಂದು ಹೊಟ್ಟೆಕಿಚ್ಚು ಒಳಗೆ ಸುಡುತ್ತಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಎಂಟನೆಯ ಘಟಕವೂ ನಿಂತಿತು. ಮಹಾನಂದಾ ಮನೆಯಲ್ಲೇ ಉಳಿದಳು. ಅಮರೇಶ ಈಗ ಹೆಚ್ಚು ಹೊತ್ತು ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ಯಾರೆಂದು ಗೊತ್ತಿತ್ತು. ತಾನು ಯಾವ ಕೆಲಸದಲ್ಲಿದ್ದೆ ಎಂಬುದು ಮಾತ್ರ ಕೆಲವೊಮ್ಮೆ ತಪ್ಪಿಹೋಗುತ್ತಿತ್ತು. ಲ್ಯಾಬಿಗೆ ಹೊತ್ತಾಯಿತು ಎಂದು ಏಳುತ್ತಿದ್ದ, ಬಾಗಿಲವರೆಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುತ್ತಿದ್ದ.

ಒಂದು ದಿನ ಅವಳು ಪೆಟ್ಟಿಗೆಯ ಮುಂದೆ ಕುಳಿತು, ಎರಡು ವರ್ಷದ 'ಇನ್ನೂ'ಗಳನ್ನೂ ಸುಳ್ಳು 'ಸರಿ'ಗಳನ್ನೂ ಅಳಿಸಿಹಾಕಿದಳು. ಆ ಆರನೆಯ ಸಲದ ಸಂಜೆ ಅವನು ಒತ್ತಿದ್ದ 'ಸರಿ' ಒಂದನ್ನೇ ಉಳಿಸಿದಳು. ಅಂದು ಅವನ ಮೂಗು ಪೂರ್ತಿ ಇತ್ತು, ಅವನೂ ಪೂರ್ತಿ ಇದ್ದ. ಅವನು ಏನನ್ನು ಬಯಸಿದ್ದ ಎಂಬುದು ಈಗ ಅವನಲ್ಲಿ ಉಳಿದಿರಲಿಲ್ಲ, ಈ ತಗಡಿನ ಪೆಟ್ಟಿಗೆಯಲ್ಲಿ ಉಳಿದಿತ್ತು. ಬಿಳಿಜೋಳ ನೆನೆಹಾಕಿದಳು. ಹಂಚಿನ ಮೇಲೆ ತಾನೇ ಹುರಿದಳು. ಬಿಸಿ ಹದಿನೆಂಟಕ್ಕೆ ಇಳಿಯಿತು. ಪೆಟ್ಟಿಗೆ ತನ್ನ ಹಳೆಯ ಗುಂಯ್ ಸದ್ದು ಹಿಡಿಯಿತು.

ಸಿದ್ಧವಾದ ದಿನ ಇಳಿಹೊತ್ತಿನಲ್ಲಿ ಅವಳು ಎರಡು ಗ್ಲಾಸು ತುಂಬಿಸಿದಳು. ಒಂದನ್ನು ಅವನ ಕೈಗೆ ಕೊಟ್ಟಳು. ಅವನು ಕುಡಿದ. ಮುಖದಲ್ಲಿ ಏನೂ ಆಗಲಿಲ್ಲ. ಇನ್ನೊಂದು ಗ್ಲಾಸು ಅವಳ ಕೈಯಲ್ಲಿರುವುದನ್ನು ನೋಡಿ ಅವನು ಬೆರಗಾದ. ಏನೇನೋ ಮರೆತಿದ್ದವನಿಗೆ ಆ ಮೂವತ್ತು ವರ್ಷದ ಒಪ್ಪಂದ ಮಾತ್ರ ಮರೆತಿರಲಿಲ್ಲ.

"ಬ್ಯಾಡ, ನಂದಾ," ಎಂದ. "ನೀ ಕುಡಿಯಂಗಿಲ್ಲಲ್ಲ."

ಅವಳು ಕೊರಳಿನ ಲಿಂಗವನ್ನು ಸೆರಗಿನೊಳಗೆ ಸರಿಸಿಕೊಂಡು, ಗ್ಲಾಸನ್ನು ಮೂಗಿನ ಹತ್ತಿರ ಹಿಡಿದಳು, ಅಂದು ಅವನು ಹಿಡಿದಿದ್ದ ಹಾಗೆಯೇ. ಆಮೇಲೆ ಒಂದು ಗುಟುಕು ಕುಡಿದಳು. ನಾತವಿರಲಿಲ್ಲ. ಮೊದಲು ತಂಪು, ಆಮೇಲೆ ಕಹಿ, ಕಹಿಯ ಹಿಂದೆ ಒಂದು ಪರಿಚಿತ ಪರಿಮಳ. ಏನೆಂದು ಹೊಳೆಯಲು ಒಂದು ಕ್ಷಣ ಬೇಕಾಯಿತು. ಹಂಚಿನಿಂದ ಎತ್ತಿದ ಜೋಳದ ರೊಟ್ಟಿ. ಪ್ರತಿದಿನ ಅವಳ ಕೈಯಿಂದ ಏಳುತ್ತಿದ್ದ ವಾಸನೆ. ಅವನು ಅಷ್ಟು ದಿನ ಹುಡುಕಿದ್ದು ಇದನ್ನು.

"ಹೆಂಗದ?" ಎಂದು ಅವನು ಕೇಳಿದ. "ನನಗ ತಿಳಿಯಲ್ದು. ನೀ ಹೇಳು."

ಅವಳು ಹೇಳಿದಳು. ರೊಟ್ಟಿ ಉಬ್ಬಿದಾಗ ಬರ್ತದಲ್ಲ, ಆ ವಾಸನೆ ಎಂದಳು. ಅಂಚು ಸ್ವಲ್ಪ ಕಂದಿದ ರೊಟ್ಟಿ. ಆಮೇಲೆ ಕಹಿ, ಬೇವಿನಂಥ ಕಹಿಯಲ್ಲ, ಮೆಂತ್ಯೆಯಂಥದು. ಕೊನೆಗೆ ತುಸು ಸಿಹಿ, ಹಾಲುಜೋಳದ ತೆನೆ ಸುಟ್ಟ ಸೀತನಿ ತಿಂದ ಹಾಗೆ. ಅಮರೇಶ ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದೊಂದು ಮಾತಿಗೂ ಅವನ ಗಂಟಲು ಏನನ್ನೋ ನುಂಗಿದಂತೆ ಆಡುತ್ತಿತ್ತು. ಅವಳು ನಿಲ್ಲಿಸಿದಳು.

"ಇನ್ನೂ ಹೇಳು," ಎಂದ ಅವನು, ಕಣ್ಣು ಬಿಡದೆ.

ಅವಳಲ್ಲಿ ಅಷ್ಟೇ ಮಾತುಗಳಿದ್ದವು. ರುಚಿ ನೋಡಿ ಹೇಳುವುದನ್ನು ಅವಳು ಯಾವಾಗ ಕಲಿತಿದ್ದಳು? ಕಣ್ಣೊರೆಸಿಕೊಂಡು, ಗ್ಲಾಸನ್ನು ಎತ್ತಿ, ಅವನಿಗೆ ಹೇಳಲು ಮತ್ತೇನಾದರೂ ಸಿಕ್ಕೀತೇ ಎಂದು ಇನ್ನೊಂದು ಗುಟುಕು ಕುಡಿದಳು.